ಕೂಸು ಹುಟ್ಟುವ ಮುಂಚೆ ಕುಲಾವಿ

ಮಕ್ಕಳೇ, ಈ ಪಾಠದ ಹೆಸರು ಒಂದು ಗಾದೆ. ಕುಲಾವಿ ಎಂದರೆ ಎಳೆಯ ಕೂಸಿನ ತಲೆಗೆ ಹಾಕುವ ಟೊಪ್ಪಿಗೆ. ಕೂಸು ಇನ್ನೂ ಹುಟ್ಟಿಲ್ಲ, ಆಗಲೇ ಟೊಪ್ಪಿಗೆ ಹೊಲಿಸಿ ಇಟ್ಟರಂತೆ! ತೆಲುಗಿನಲ್ಲಿಯೂ ಇಂಥದೇ ಮಾತಿದೆ: "ಆಲು ಲೇದು, ಚೂಲು ಲೇದು, ಕೊಡುಕು ಪೇರು ಸೋಮಲಿಂಗಂ." ಹೆಂಡತಿಯೇ ಇಲ್ಲ, ಬಸಿರಿನ ಮಾತೂ ಇಲ್ಲ, ಮಗನಿಗೆ ಸೋಮಲಿಂಗ ಎಂದು ಹೆಸರು ಮಾತ್ರ ಇಟ್ಟಾಯಿತು. ನೀವು ರಾಯದುರ್ಗ, ಮಡಕಶಿರ ಕಡೆಯ ಮಕ್ಕಳು. ಎರಡು ಗಾದೆಗಳನ್ನೂ ಕೇಳಿ ನಕ್ಕಿರುತ್ತೀರಿ. ಆದರೆ ಮನೆ ಮಾರುವ ಕಾಲಕ್ಕೆ ದೊಡ್ಡವರೇ ಹೀಗೆ ಮಾಡಿಬಿಡುವುದುಂಟು. ಅದು ಹೇಗೆ ಎಂಬುದನ್ನು ನೋಡೋಣ.

ನಿಮ್ಮ ಮನೆ ರಾಯದುರ್ಗದ ಕೋಟೆ ಬೆಟ್ಟದ ಬುಡದ ಒಂದು ಬೀದಿಯಲ್ಲಿದೆ ಎಂದು ಊಹಿಸಿಕೊಳ್ಳಿ. ಅದು ನಿಮ್ಮ ಅಜ್ಜ ಕೊಂಡ ಮನೆ. ಅಜ್ಜ ಈಗ ಇಲ್ಲ. ಅಪ್ಪ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ದರ್ಜಿ. ಮಡಕಶಿರದಲ್ಲಿ ನಿಮ್ಮ ಸೋದರಮಾವ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. "ಇಲ್ಲಿಗೆ ಬನ್ನಿ ಭಾವ, ಇಬ್ಬರೂ ಸೇರಿ ಮಾಡೋಣ" ಎಂದು ಮಾವ ಕರೆದಿದ್ದಾರೆ. ಹಾಗಾಗಿ ರಾಯದುರ್ಗದ ಮನೆಯನ್ನು ಮಾರಿ ಮಡಕಶಿರದಲ್ಲಿ ಒಂದು ನಿವೇಶನ ಕೊಳ್ಳಬೇಕೆಂದು ಮನೆಯವರು ತೀರ್ಮಾನಿಸಿದರು.

ಯುಗಾದಿ ಕಳೆದ ಕೂಡಲೇ ಊರಿನ ಒಬ್ಬ ವ್ಯಾಪಾರಿ ಬಂದು ಮನೆ ನೋಡಿದರು. 12,00,000 ರೂಪಾಯಿಗೆ ಮಾತಾಯಿತು. ಕರಾರು ಪತ್ರ ಬರೆದರು. 1,00,000 ರೂಪಾಯಿಯನ್ನು ಮುಂಗಡವಾಗಿ ಬ್ಯಾಂಕಿನ ಮೂಲಕ ಕೊಟ್ಟರು. ಉಳಿದ 11,00,000 ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಟ್ಟು ಮನೆಯನ್ನು ನೋಂದಣಿ ಮಾಡಿಸಿಕೊಳ್ಳುವುದಾಗಿ ಒಪ್ಪಿದರು.

ಆ ರಾತ್ರಿ ಮನೆಯಲ್ಲಿ ಯಾರಿಗೂ ಬೇಗ ನಿದ್ದೆ ಬರಲಿಲ್ಲ. ಅಪ್ಪನಿಗೆ ಮೋಟಾರ್ ಸೈಕಲ್ ಬೇಕು, 95,000 ರೂಪಾಯಿ. ಅಮ್ಮನಿಗೆ ಫ್ರಿಜ್, 25,000. ಅಜ್ಜಿಗೆ ಒಂದು ಜೊತೆ ಓಲೆ, 40,000. ಅಣ್ಣನಿಗೆ ಫೋನು, 15,000. ಮಡಕಶಿರದ ನಿವೇಶನಕ್ಕೆ ಕೂಡಲೇ 2,00,000 ಮುಂಗಡ ಕೊಟ್ಟರೆ ಅದು ಬೇರೆಯವರ ಪಾಲಾಗದು ಎಂದು ಮಾವ ಫೋನಿನಲ್ಲಿ ಹೇಳಿದರು. ಕೂಡಿಸಿ ನೋಡಿ. ಒಟ್ಟು 3,75,000 ರೂಪಾಯಿ.

ಕೈಯಲ್ಲಿ ಇರುವುದು ಎಷ್ಟು? ಒಂದು ಲಕ್ಷ. ಉಳಿದ 2,75,000ಕ್ಕೆ ಏನು ಮಾಡುವುದು?

"ಸಾಲ ತಂದರಾಯಿತು. ಮೂರೇ ತಿಂಗಳಲ್ಲವಾ? ಮನೆ ದುಡ್ಡು ಬಂದ ದಿನ ತೀರಿಸೋಣ" ಎಂದರು ಅಪ್ಪ.

"ಮನೆ ದುಡ್ಡು ಇನ್ನೂ ಬಂದಿಲ್ಲ ರೀ" ಎಂದರು ಅಮ್ಮ.

"ಮುಂಗಡ ಬಂದಿದೆಯಲ್ಲ!"

"ಅದನ್ನೂ ಮುಟ್ಟಬೇಡಪ್ಪ. ಅದು ಸಂಚಕಾರದ ದುಡ್ಡು" ಎಂದರು ಅಜ್ಜಿ.

ಮಕ್ಕಳೇ, ಸಂಚಕಾರ ಎಂಬುದು ಒಳ್ಳೆಯ ಪದ. ವ್ಯಾಪಾರ ಗಟ್ಟಿ ಮಾಡಲು ಮೊದಲು ಕೊಡುವ ಹಣಕ್ಕೆ ಸಂಚಕಾರ ಎನ್ನುತ್ತಾರೆ. ಬಯಾನ ಎಂದೂ ಕರೆಯುತ್ತಾರೆ. ಆದರೆ "ಪ್ರಾಣಕ್ಕೆ ಸಂಚಕಾರ ಬಂತು" ಎನ್ನುವಾಗ ಅದೇ ಪದಕ್ಕೆ ಅಪಾಯ ಎಂಬ ಅರ್ಥ. ಒಂದೇ ಪದದಲ್ಲಿ ಎರಡು ಅರ್ಥ ಸೇರಿಸಿದ ನಮ್ಮ ಹಿರಿಯರು ಏನೋ ಕಂಡಿದ್ದರು ಎಂದು ನನಗೆ ಆಗಾಗ ಅನ್ನಿಸುತ್ತದೆ. ಮನೆಯ ಪತ್ರದಲ್ಲಿ ನಮ್ಮ ಕಡೆಯದೇ ತೊಡಕು ಇದ್ದು ಮಾರಾಟ ನಿಂತರೆ, ಪಡೆದ ಸಂಚಕಾರವನ್ನು ಹಿಂದಕ್ಕೆ ಕೊಡಬೇಕು. ಖರ್ಚಾಗಿದ್ದರೆ ಎಲ್ಲಿಂದ ಕೊಡುವುದು?

ಕರಾರು ಪತ್ರವನ್ನು ಬರೆದ ಮೇಲೆ ಮನೆ ಮಾರಿದಂತಾಗಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಮಾರುತ್ತೇನೆ ಎಂದು ಒಪ್ಪುವುದು ಬೇರೆ, ಮಾರುವುದು ಬೇರೆ. ನಮ್ಮ ದೇಶದಲ್ಲಿ 1882ರಷ್ಟು ಹಿಂದೆಯೇ ಆಸ್ತಿ ವರ್ಗಾವಣೆ ಕಾಯ್ದೆ ಬಂದಿತು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಮನೆ, ಹೊಲಗಳನ್ನು ನೋಂದಣಿಯಾದ ಪತ್ರದ ಮೂಲಕವೇ ಮಾರಬೇಕು ಎಂದು ಅದು ಹೇಳುತ್ತದೆ. ನೋಂದಣಿಯನ್ನು ಹೇಗೆ ಮಾಡಬೇಕೆಂಬುದನ್ನು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಕರಾರಿಗೆ ಬೆಲೆಯೇ ಇಲ್ಲವೆಂದಲ್ಲ. ಮಾತಿಗೆ ತಪ್ಪಿದವರ ಮೇಲೆ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ನ್ಯಾಯಾಲಯದ ದಾರಿ ಉದ್ದ. ಸಾಲ ಕೊಟ್ಟವರು ಅಲ್ಲಿಯ ತನಕ ಕಾಯುವುದಿಲ್ಲ.

ಆಸ್ತಿ ಕೈ ಬದಲಾದುದನ್ನು ಎಲ್ಲರಿಗೂ ತಿಳಿಯುವಂತೆ ದಾಖಲು ಮಾಡುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಮಡಕಶಿರದ ಕಡೆ ಅಮರಾಪುರಂ ಮಂಡಲದಲ್ಲಿ ಹೇಮಾವತಿ ಎಂಬ ಊರಿದೆ. ಅದರ ಹಳೆಯ ಹೆಸರು ಹೆಂಜೇರು. ಅದು ಸಾವಿರ ವರ್ಷಗಳ ಹಿಂದೆ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿ ಕನ್ನಡ ಶಾಸನಗಳು ದೊರೆತಿವೆ. ಆ ಕಾಲದಲ್ಲಿ ಭೂಮಿಯನ್ನು ದಾನ ಕೊಟ್ಟರೆ ಕಲ್ಲಿನ ಮೇಲೆ ಬರೆಸುತ್ತಿದ್ದರು. ಕೊಟ್ಟವರು ಯಾರು, ಪಡೆದವರು ಯಾರು, ಎಲ್ಲೆ ಯಾವುದು, ಸಾಕ್ಷಿ ಯಾರು ಎಂದು ಕೆತ್ತಿಸುತ್ತಿದ್ದರು. ಮೇಲೆ ಸೂರ್ಯ ಚಂದ್ರರನ್ನು ಬಿಡಿಸುತ್ತಿದ್ದರು. ಅವರಿಬ್ಬರೂ ಇರುವ ತನಕ ಈ ಮಾತು ನಿಲ್ಲಲಿ ಎಂದು ಅದರ ಅರ್ಥ. ನಿಮ್ಮೂರ ಗುಡಿಯ ಮುಂದೆ ಅಂಥ ಕಲ್ಲು ಇದ್ದರೆ ಈ ಭಾನುವಾರ ಹೋಗಿ ನೋಡಿ. ಅದಕ್ಕೆ ಸುಣ್ಣ ಬಳಿಯಬೇಡಿ ಎಂದು ದೊಡ್ಡವರಿಗೆ ಹೇಳಿ.

ಈಗ ಕಲ್ಲಿನ ಬದಲು ಕಚೇರಿ ಇದೆ. ರಾಯದುರ್ಗದಲ್ಲಿಯೂ ಮಡಕಶಿರದಲ್ಲಿಯೂ ಸಬ್ ರಿಜಿಸ್ಟ್ರಾರ್ ಕಚೇರಿಗಳಿವೆ. ಮೊದಲು ಅಲ್ಲಿ ಪ್ರತಿಯೊಂದು ಪತ್ರವನ್ನೂ ಗುಮಾಸ್ತರು ದಪ್ಪ ಪುಸ್ತಕಗಳಲ್ಲಿ ಕೈಯಿಂದ ನಕಲು ಮಾಡುತ್ತಿದ್ದರು. 1998ರಲ್ಲಿ ಆಂಧ್ರಪ್ರದೇಶ ಸರ್ಕಾರ 'ಕಾರ್ಡ್' ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಆರಂಭಿಸಿತು. ಕೆಲಸ ಬೇಗ ಸಾಗುವಂತಾಯಿತು. ಆದರೂ ಕರಾರಿನ ದಿನದಿಂದ ನೋಂದಣಿಯ ದಿನಕ್ಕೆ ಹೋಗುವ ದಾರಿಯಲ್ಲಿ ಕಲ್ಲುಮುಳ್ಳು ಇದ್ದೇ ಇರುತ್ತವೆ. ನಮ್ಮ ಊಹೆಯ ಮನೆಗೆ ಮರಳೋಣ.

ಮೊದಲ ತೊಡಕು ಮನೆಯೊಳಗಿನಿಂದಲೇ ಬಂದಿತು. ಪತ್ರ ಬರಹಗಾರರು ಕೇಳಿದರು: "ಮನೆ ಅಜ್ಜನ ಹೆಸರಿನಲ್ಲಿದೆ. ಅವರಿಗೆ ಎಷ್ಟು ಮಕ್ಕಳು?" ಅಪ್ಪ ಒಬ್ಬರೇ ಅಲ್ಲ. ಚಳ್ಳಕೆರೆಗೆ ಮದುವೆಯಾಗಿ ಹೋಗಿರುವ ಅತ್ತೆ ಇದ್ದಾರೆ. ಅಜ್ಜ ಸ್ವಂತ ದುಡಿಮೆಯಿಂದ ಕೊಂಡ ಮನೆ ಅದು. ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಂಥ ಮನೆಯಲ್ಲಿ ಅಜ್ಜಿಗೆ, ಅಪ್ಪನಿಗೆ, ಅತ್ತೆಗೆ ಸಮಪಾಲು. ತಲೆತಲಾಂತರದಿಂದ ಬಂದ ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಲೆಕ್ಕ ಸ್ವಲ್ಪ ಬೇರೆ. ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಡುವ ತಿದ್ದುಪಡಿಯನ್ನು ಆಂಧ್ರಪ್ರದೇಶ 1986ರಲ್ಲೇ ತಂದಿತು. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 2005ರಲ್ಲಿ.

ಅತ್ತೆ ಬಂದರು. ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಹೇಳಿದರು: "ಸಹಿ ಹಾಕುತ್ತೇನೆ ಅಣ್ಣ. ನನ್ನ ಪಾಲು ನನಗೆ ಕೊಡು. ಮಗಳನ್ನು ಕಾಲೇಜಿಗೆ ಸೇರಿಸಬೇಕು." ಅಪ್ಪ ಒಂದು ಕ್ಷಣ ಸುಮ್ಮನಾದರು. ಅಜ್ಜಿ ಮಾತ್ರ, "ಅವಳೂ ಈ ಮನೆಯಲ್ಲೇ ಹುಟ್ಟಿದವಳು, ಕೊಡಬೇಕು" ಎಂದರು. 12,00,000ವನ್ನು ಮೂರು ಪಾಲು ಮಾಡಿದರೆ ಒಂದು ಪಾಲು 4,00,000. ಯುಗಾದಿಯ ರಾತ್ರಿ ಹನ್ನೆರಡು ಲಕ್ಷ ಎಂದುಕೊಂಡದ್ದು ನಿಜವಾಗಿ ಎಂಟು ಲಕ್ಷ! ಮಧ್ಯವರ್ತಿಗೆ ಕೊಡುವುದು ಬೇರೆ. ಹಣ ಕೈಗೆ ಬರುವ ಮುಂಚೆಯೇ ಖರ್ಚು ಮಾಡುವವರು ಈ ಲೆಕ್ಕವನ್ನು ಮರೆಯುತ್ತಾರೆ. ಮಾರಿದ ಬೆಲೆ ಬೇರೆ, ಮನೆಗೆ ಉಳಿಯುವ ಹಣ ಬೇರೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮನೆ ಕೊಳ್ಳುವುದಿಲ್ಲ, ಶ್ರಾವಣ ಬರಲಿ ಎಂದರು ವ್ಯಾಪಾರಿ. ಶ್ರಾವಣ ಬಂದಾಗ ಅವರ ಬ್ಯಾಂಕಿನವರು ಹಳೆಯ ಪತ್ರ ಕೇಳಿದರು. ಅಜ್ಜನಿಗೆ ಮನೆ ಮಾರಿದವರು ಅದನ್ನು ಯಾರಿಂದ ಕೊಂಡರು ಎಂದು ತೋರಿಸಬೇಕು. ಅಜ್ಜಿಯ ತಗಡಿನ ಪೆಟ್ಟಿಗೆಯ ತಳದಲ್ಲಿ ಆ ಪತ್ರ ಸಿಕ್ಕಿತು. ಅದರಲ್ಲಿ ಏನು ಬರೆದಿತ್ತು ಗೊತ್ತೇ? 'ಬಳ್ಳಾರಿ ಜಿಲ್ಲೆ, ರಾಯದುರ್ಗ ತಾಲ್ಲೂಕು' ಎಂದು! ಅಣ್ಣ ಬೆಚ್ಚಿದ. ಇದು ಬೇರೆ ಯಾವುದೋ ಊರಿನ ಪತ್ರವಿರಬೇಕು ಎಂದ. ಹಾಗಲ್ಲ. 1953ರವರೆಗೆ ರಾಯದುರ್ಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ ಆಂಧ್ರಕ್ಕೆ, ಅನಂತಪುರ ಜಿಲ್ಲೆಗೆ ಬಂದಿತು. ಮಡಕಶಿರದ ಪತ್ರಗಳಲ್ಲಿಯೂ ಇಂಥ ಬದಲಾವಣೆ ಕಾಣುತ್ತದೆ. 2022ರ ಏಪ್ರಿಲ್ 4ರಂದು ಮಡಕಶಿರ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದಕ್ಕೂ ಹಿಂದಿನ ಪತ್ರಗಳಲ್ಲಿ ಅನಂತಪುರ ಜಿಲ್ಲೆ ಎಂದೇ ಇರುತ್ತದೆ. ಜಿಲ್ಲೆಯ ಹೆಸರು ಬದಲಾದರೆ ಪತ್ರ ಸುಳ್ಳಾಗುವುದಿಲ್ಲ. ಹಳೆಯದೆಂದು ಅದನ್ನು ಯಾರೂ ಒಲೆಗೆ ಹಾಕಬಾರದು.

ಆಮೇಲೆ ಈ.ಸಿ. ತೆಗೆಸಿದರು. ಅದು ಋಣಭಾರ ಪತ್ರ. ಮನೆಯ ಮೇಲೆ ಯಾವುದಾದರೂ ನೋಂದಣಿಯಾದ ಸಾಲ, ಅಡಮಾನ ಇದೆಯೇ ಎಂದು ಅದು ತಿಳಿಸುತ್ತದೆ. ಅದರಲ್ಲಿ ತೊಂದರೆ ಇರಲಿಲ್ಲ.

ಕೊನೆಯ ತೊಡಕು ಕೊಳ್ಳುವವರದು. ಅದನ್ನು ಸ್ವಲ್ಪ ಗಮನವಿಟ್ಟು ಓದಿ. ಮನೆ ಮಾರುವವರು ಮಾತ್ರ ಕಾಯಬೇಕು ಎಂದು ನಾವು ತಿಳಿದಿರುತ್ತೇವೆ. ಕೊಳ್ಳುವವರೂ ಕಾಯಬೇಕು. ವ್ಯಾಪಾರಿ ಬ್ಯಾಂಕಿನಲ್ಲಿ ಮನೆ ಸಾಲ ಕೇಳಿದ್ದರು. ಅವರಿಗೆ ತಿಂಗಳಿಗೆ ಎಷ್ಟು ಆದಾಯ, ಈಗಾಗಲೇ ಎಷ್ಟು ಕಂತು ಕಟ್ಟುತ್ತಿದ್ದಾರೆ ಎಂದು ನೋಡಿ ಬ್ಯಾಂಕು ಸಾಲ ಕೊಡುತ್ತದೆ. ಹಣ ಬಿಡುಗಡೆಯಾಗುವ ಮುಂಚೆಯೇ ಅವರು ಹೊಸ ಮನೆಗೆಂದು ದೊಡ್ಡ ಟಿ.ವಿ., ಸೋಫಾ, ಮಗನಿಗೆ ಬೈಕು, ಎಲ್ಲವನ್ನೂ ಕಂತಿನ ಮೇಲೆ ತಂದುಬಿಟ್ಟರು. ಬ್ಯಾಂಕಿಗೆ ಇದು ಹೇಗೆ ಗೊತ್ತಾಗುತ್ತದೆ? ನಿಮ್ಮ ಬೀದಿಯ ಕಿರಾಣಿ ಅಂಗಡಿಯವರು ಯಾರ ಬಾಕಿ ಎಷ್ಟು ಎಂದು ಖಾತೆ ಪುಸ್ತಕ ಇಡುತ್ತಾರಲ್ಲವೇ? ಹಾಗೆಯೇ ದೇಶದ ಸಾಲಗಾರರ ಖಾತೆ ಇಡುವ ಸಂಸ್ಥೆಗಳಿವೆ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಅವುಗಳಲ್ಲಿ ಮೊದಲನೆಯದು. ಬ್ಯಾಂಕಿನವರು ಅದನ್ನು ನೋಡಿದರು. ಕಂತುಗಳು ಹೆಚ್ಚಾದವು, ಅಷ್ಟು ಸಾಲ ಕೊಡಲಾಗದು, ಕಡಿಮೆ ಮಾಡುತ್ತೇವೆ ಎಂದರು.

ಇಂಗ್ಲೆಂಡಿನಲ್ಲಿ ಇಂಥ ಸ್ಥಿತಿಗೆ ಸರಪಳಿ ಎಂದೇ ಹೆಸರಿದೆ. ಒಬ್ಬರು ತಮ್ಮ ಮನೆ ಮಾರಿದ ಹಣದಿಂದ ಇನ್ನೊಬ್ಬರ ಮನೆ ಕೊಳ್ಳುತ್ತಾರೆ. ಆ ಇನ್ನೊಬ್ಬರು ಅದೇ ಹಣದಿಂದ ಮತ್ತೊಬ್ಬರ ಮನೆಯನ್ನು ಕೊಳ್ಳುತ್ತಾರೆ. ನಡುವೆ ಒಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು. ರೈಲಿನ ಒಂದು ಡಬ್ಬಿ ಹಳಿ ತಪ್ಪಿದರೆ ಹಿಂದಿನ ಡಬ್ಬಿಗಳು ಮುಂದೆ ಹೋಗುತ್ತವೆಯೇ? ನಿಮ್ಮ ಮನೆಯೂ ಈಗ ಅಂಥ ಸರಪಳಿಯಲ್ಲಿತ್ತು. ವ್ಯಾಪಾರಿ ಹಣ ಕೊಟ್ಟರೆ ಮಾತ್ರ ಮಡಕಶಿರದ ನಿವೇಶನ.

ವ್ಯಾಪಾರಿ ಒಂದು ಸಂಜೆ ಬಂದು, "50,000 ಕಡಿಮೆ ಮಾಡಿಕೊಳ್ಳಿ. ಈ ವಾರವೇ ಮುಗಿಸೋಣ" ಎಂದರು.

ಈಗ ಯೋಚಿಸಿ. ಅಪ್ಪ ಯುಗಾದಿಯಲ್ಲಿಯೇ 2,75,000 ಸಾಲ ತಂದಿದ್ದರೆ ಏನಾಗುತ್ತಿತ್ತು? ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 5,500 ರೂಪಾಯಿ. ಮೂರು ತಿಂಗಳೆಂದುಕೊಂಡದ್ದು ಎಂಟು ತಿಂಗಳಾಯಿತು. ಎಂಟು ತಿಂಗಳಿಗೆ 44,000. ಅಜ್ಜಿಯ ಓಲೆಯ ಬೆಲೆಗಿಂತ ಹೆಚ್ಚು ಹಣ ಬರಿಯ ಬಡ್ಡಿಗೆ ಹೋಗುತ್ತಿತ್ತು. ಸಾಲಗಾರರು ದಿನವೂ ಬಾಗಿಲಿಗೆ ಬರುತ್ತಿದ್ದರು. ವ್ಯಾಪಾರಿ ಐವತ್ತು ಸಾವಿರ ಕಡಿಮೆ ಕೇಳಿದಾಗ ಅಪ್ಪ ತಲೆಬಾಗಿ ಒಪ್ಪಬೇಕಾಗುತ್ತಿತ್ತು. ಅವಸರದಲ್ಲಿರುವವರ ಮುಖ ನೋಡಿದರೆ ಬೆಲೆ ಇಳಿಸುವವರಿಗೆ ಗೊತ್ತಾಗಿಬಿಡುತ್ತದೆ. ಮಾರಾಟವೇ ಮುರಿದಿದ್ದರೆ? ಕೊಂಡ ಮೋಟಾರ್ ಸೈಕಲ್ಲನ್ನು ಮಾರಿದರೆ ಕೊಟ್ಟ ಬೆಲೆ ಬರುವುದಿಲ್ಲ. ನಿವೇಶನಕ್ಕೆ ಕೊಟ್ಟ ಮುಂಗಡ ಮರಳಿ ಬರುವುದೂ ಅನುಮಾನ. ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಕೊನೆಗೆ ಅದೇ ಮನೆಯನ್ನು ಸಿಕ್ಕ ಬೆಲೆಗೆ ಮಾರಿ ಬಾಡಿಗೆ ಮನೆಗೆ ಹೋಗಬೇಕಾಗುತ್ತದೆ. ನಮ್ಮ ಕಡೆ ಮದುವೆಗೆಂದು ಮನೆ ಮಾರುವವರಿಗೆ ಹೀಗಾಗುವುದು ಹೆಚ್ಚು. ಲಗ್ನದ ದಿನ ಗೊತ್ತಾಗಿರುತ್ತದೆ, ಜವಳಿ ತಂದಾಗಿರುತ್ತದೆ, ಮನೆ ಮಾತ್ರ ಇನ್ನೂ ಮಾರಾಟವಾಗಿರುವುದಿಲ್ಲ.

ಆದರೆ ಈ ಮನೆಯಲ್ಲಿ ಹಾಗಾಗಲಿಲ್ಲ. ಅಂದು ರಾತ್ರಿ ಅಮ್ಮ ಗೋಡೆಯ ಕ್ಯಾಲೆಂಡರ್ ತೆಗೆದು ಅದರ ಹಿಂದೆ ಎಲ್ಲರ ಬೇಕುಗಳನ್ನೂ ಬೆಲೆಯ ಸಮೇತ ಬರೆದಿಟ್ಟಿದ್ದರು. "ಪತ್ರ ಆದ ದಿನ ಇದನ್ನು ತಿರುಗಿಸಿ ನೋಡೋಣ" ಎಂದಿದ್ದರು. ಮುಂಗಡದ ಹಣ ಅಜ್ಜಿಯ ಖಾತೆಯಲ್ಲಿಯೇ ಇತ್ತು. ಮಾವನಿಗೂ ಫೋನು ಮಾಡಿ, "ನಮ್ಮ ಮನೆ ಮುಗಿಯಲಿ. ಆ ನಿವೇಶನ ಹೋದರೆ ಇನ್ನೊಂದು ಸಿಗುತ್ತದೆ" ಎಂದು ಹೇಳಿದ್ದರು. ಹಾಗೆಂದು ಎಲ್ಲ ಖರ್ಚನ್ನೂ ನಿಲ್ಲಿಸಲಿಲ್ಲ. ಅಜ್ಜಿಯ ಬಿ.ಪಿ. ಮಾತ್ರೆ, ನಿಮ್ಮ ಶಾಲೆಯ ಪುಸ್ತಕ, ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆಯ ದುರಸ್ತಿ, ಇವು ಕಾಯುವಂಥವಲ್ಲ. ಇವನ್ನು ಅಪ್ಪನ ಸಂಬಳದಲ್ಲಿಯೇ ನಡೆಸಿದರು. ಮಾರಲಿರುವ ಮನೆಗೆ ದುರಸ್ತಿ ಏಕೆ ಎಂದು ಅಣ್ಣ ಕೇಳಿದ. "ಇವತ್ತು ರಾತ್ರಿ ಮಲಗುವುದು ಇಲ್ಲೇ ಅಲ್ಲವೇನೋ?" ಎಂದರು ಅಜ್ಜಿ.

ಅದರಿಂದ ಅಪ್ಪ ವ್ಯಾಪಾರಿಗೆ ನೇರವಾಗಿ ಹೇಳಿದರು: "ಬೆಲೆ ಇಳಿಸಲಾಗದು ಸ್ವಾಮಿ. ನಿಮಗೆ ಬೇಕಾದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಿ." ವ್ಯಾಪಾರಿ ಬೈಕನ್ನು ಮಾರಿ ಅದರ ಸಾಲ ತೀರಿಸಿದರು. ಬ್ಯಾಂಕು ಒಪ್ಪಿತು. ಕಾರ್ತಿಕ ಮಾಸದಲ್ಲಿ ದಿನ ನಿಶ್ಚಯವಾಯಿತು.

ನೋಂದಣಿಯ ಹಿಂದಿನ ಸಂಜೆ ಕ್ರಯಪತ್ರದ ಕರಡು ಪ್ರತಿ ಮನೆಗೆ ಬಂದಿತು. ನಮ್ಮಲ್ಲಿ ಇಂಥ ಪತ್ರಗಳನ್ನು ಸಾಮಾನ್ಯವಾಗಿ ತೆಲುಗಿನಲ್ಲಿ ಬರೆಯುತ್ತಾರೆ. ಅಜ್ಜಿಗೆ ತೆಲುಗು ಮಾತು ಬರುತ್ತದೆ, ಓದು ಬರುವುದಿಲ್ಲ. "ಓದಿ ಹೇಳು ಮಗ" ಎಂದು ನಿಮ್ಮ ಕೈಗೆ ಕೊಟ್ಟರು. ಕನ್ನಡ ಶಾಲೆಯಲ್ಲಿ ಕಲಿತರೂ ನೀವು ತೆಲುಗನ್ನೂ ಕಲಿಯುತ್ತೀರಲ್ಲವೇ? ಗಡಿಯ ಮಕ್ಕಳಿಗೆ ಎರಡು ಲಿಪಿ ಬರುತ್ತದೆ. ಅದು ಎಂಥ ಅನುಕೂಲ ಎಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ. ನೀವು ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದಿರಿ. ಹೆಸರುಗಳು ಸರಿ. ಬೆಲೆ ಸರಿ. ಮನೆಯ ಅಳತೆ ಸರಿ. ಚೆಕ್ಕುಬಂದಿಗೆ ಬಂದಾಗ ಅಜ್ಜಿ ತಡೆದರು.

"ತೂರ್ಪು ಅಂದರೆ ಮೂಡಣ. ಮೂಡಣಕ್ಕೆ ಏನಿದೆ ಅಂತ ಬರೆದಿದೆ?"

"ಬೀದಿ ಅಂತ ಇದೆ ಅಜ್ಜಿ."

"ಪಡಮರಕ್ಕೆ?"

"ಪಕ್ಕದ ಮನೆ."

"ತಿರುಗುಮುರುಗಾಗಿದೆ! ಬೆಳಗಿನ ಬಿಸಿಲು ಪಕ್ಕದ ಮನೆಯ ಕಡೆಯಿಂದ ಬರುತ್ತದೆ, ಬೀದಿಯಿಂದಲ್ಲ. ನಲವತ್ತು ವರ್ಷ ರಂಗೋಲಿ ಹಾಕಿದ ಬಾಗಿಲು, ನನಗೆ ಗೊತ್ತಿಲ್ಲವೇ?"

ಅಪ್ಪ ಆಗಲೇ ಪತ್ರ ಬರಹಗಾರರ ಬಳಿಗೆ ಹೋಗಿ ತಿದ್ದಿಸಿ ತಂದರು.

ಮರುದಿನ ಎಲ್ಲರೂ ಕಚೇರಿಗೆ ಹೋದರು. ಅಜ್ಜಿ, ಅಪ್ಪ, ಅತ್ತೆ ಮೂವರ ಭಾವಚಿತ್ರ ತೆಗೆದರು. ಬೆರಳಚ್ಚು ಪಡೆದರು. ಇಬ್ಬರು ಸಾಕ್ಷಿಗಳು ಸಹಿ ಹಾಕಿದರು. ಪತ್ರ ಬರೆದುಕೊಟ್ಟದ್ದು ನೀವೇ ಹೌದೇ, ಹಣ ಮುಟ್ಟಿತೇ ಎಂದು ಅಧಿಕಾರಿ ಕೇಳಿದರು. ವ್ಯಾಪಾರಿಯ ಬ್ಯಾಂಕಿನವರು ತಂದಿದ್ದ ಡಿ.ಡಿ.ಗಳನ್ನು ನೋಡಿಕೊಂಡೇ ಅಪ್ಪ ಹೌದೆಂದರು. ಪತ್ರಕ್ಕೆ ಒಂದು ಸಂಖ್ಯೆ ಬಿದ್ದಿತು. ಮನೆ ಕೈ ಬದಲಾಯಿತು.

ಹಣ ಖಾತೆಗೆ ಜಮೆಯಾದ ಮೇಲೆ ಮೊದಲು ಅತ್ತೆಯ ಪಾಲನ್ನು ಅತ್ತೆಗೆ ಕಳುಹಿಸಿದರು. ರಾತ್ರಿ ಅಮ್ಮ ಕ್ಯಾಲೆಂಡರ್ ತಿರುಗಿಸಿದರು. ಮಾವ ಹೇಳಿದ್ದ ನಿವೇಶನ ಆಗಲೇ ಬೇರೆಯವರಿಗೆ ಹೋಗಿತ್ತು. ಅದಕ್ಕಿಂತ ಚಿಕ್ಕದೊಂದು, ಮಾವನ ತೋಟದ ಹತ್ತಿರವೇ ಸಿಕ್ಕಿತ್ತು. ಫ್ರಿಜ್ಜನ್ನು ಮಡಕಶಿರಕ್ಕೆ ಹೋದ ಮೇಲೆ ಕೊಳ್ಳೋಣ, ಇಲ್ಲಿಂದ ಹೊತ್ತುಕೊಂಡು ಹೋಗುವುದೇಕೆ ಎಂದರು ಅಮ್ಮ. ಅಣ್ಣನ ಫೋನಿಗೆ ಒಪ್ಪಿಗೆಯಾಯಿತು. ಅಜ್ಜಿಯ ಓಲೆಗೆ ಬಳ್ಳಾರಿಗೆ ಹೋಗಿಬರುವುದೆಂದಾಯಿತು. ಮೋಟಾರ್ ಸೈಕಲ್ಲಿನ ಮುಂದೆ ಮಾತ್ರ ಅಪ್ಪ ತಾವೇ ಗೆರೆ ಎಳೆದರು. ಹೊಸ ಜಾಗದಿಂದ ತೋಟಕ್ಕೆ ನಡೆದೇ ಹೋಗಬಹುದಿತ್ತು.

ಅಭ್ಯಾಸ

ಪದಗಳ ಅರ್ಥ: ಕರಾರು – ಒಪ್ಪಂದ; ಸಂಚಕಾರ – ವ್ಯಾಪಾರ ಗಟ್ಟಿ ಮಾಡಲು ಕೊಡುವ ಮುಂಗಡ; ಕ್ರಯಪತ್ರ – ಮಾರಾಟದ ಪತ್ರ; ಚೆಕ್ಕುಬಂದಿ – ಆಸ್ತಿಯ ನಾಲ್ಕು ದಿಕ್ಕಿನ ಎಲ್ಲೆ; ಉಯಿಲು – ತನ್ನ ಆಸ್ತಿ ಮುಂದೆ ಯಾರಿಗೆ ಸೇರಬೇಕೆಂದು ಬರೆದಿಡುವ ಪತ್ರ.

1. ಮುಂಗಡದ ಹಣವನ್ನು ಮುಟ್ಟಬೇಡ ಎಂದು ಅಜ್ಜಿ ಏಕೆ ಹೇಳಿದರು?

2. ವ್ಯಾಪಾರಿಯ ಮನೆ ಸಾಲವನ್ನು ಬ್ಯಾಂಕು ಏಕೆ ಕಡಿಮೆ ಮಾಡಿತು?

3. 1,20,000 ರೂಪಾಯಿ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಐದು ತಿಂಗಳ ಬಡ್ಡಿ ಎಷ್ಟು?

4. ನಿವೇಶನ ಕೈತಪ್ಪಿದರೂ ಸರಿ, ಕಾಯೋಣ ಎಂದು ಅಮ್ಮ ತೀರ್ಮಾನಿಸಿದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಏಕೆ?

5. ನಿಮ್ಮ ಶಾಲೆಯ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ನಿಂತು ನೋಡಿ. ಶಾಲೆಯ ಚೆಕ್ಕುಬಂದಿಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿರಿ.